ಇನ್ನೂರನೆಯ ಗೆಲುವು

೧೯೯೧ರ ಅಕ್ಟೋಬರ್ ತಿಂಗಳ ಒಂದು ಶನಿವಾರ ಲವೆಲ್ ಪ್ಯಾಟನ್ ಎಂಬ ಇಪ್ಪತ್ತು ವರ್ಷದ ಹುಡುಗನ ತಲೆಗೆ ಪೆಟ್ಟು ಬಿದ್ದು, ತಾನು ಯಾವ ಊರಿನಲ್ಲಿದ್ದೇನೆ ಎಂಬುದೇ ಅವನಿಗೆ ತಿಳಿಯದಾಯಿತು. ಒಂಬತ್ತು ನಿಮಿಷದ ಮೇಲೆ ಕೋಚ್ ಗ್ರೇಡಿ ಹೋಲ್ಕಮ್ ಅವನನ್ನು ಮತ್ತೆ ಮೈದಾನಕ್ಕೆ ಕಳಿಸಿದರು. ಅವನ ಹೆಲ್ಮೆಟ್ ತಂದುಕೊಟ್ಟವನು ನಾನು. ಆ ಆಟ ನಾವು ಗೆದ್ದೆವು.

ನನ್ನ ಹೆಸರು ಓಥಾ ಸ್ಪೈವಿ. ಮಿಸಿಸಿಪ್ಪಿಯ ಟಾರ್ವರ್ ಕಾಲೇಜಿನಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ಡಿಕ್ಕಿ ಹೊಡೆದು ಆಡುವ ಅಮೆರಿಕದ ಫುಟ್‌ಬಾಲ್ ತಂಡದ ಸಾಮಾನು ಕೋಣೆ ಮೂವತ್ತು ವರ್ಷ ನನ್ನ ಕೈಯಲ್ಲಿತ್ತು. ಬೆವರು, ಮಣ್ಣು, ರಕ್ತದ ಅಂಗಿಗಳನ್ನು ಒಗೆಯುವುದು, ಹರಿದ ಪಟ್ಟಿ ಹೊಲಿಯುವುದು, ಹೆಲ್ಮೆಟ್ಟಿನ ಒಳಮೆತ್ತೆಗೆ ಪಂಪಿನಿಂದ ಗಾಳಿ ತುಂಬಿ ತಲೆಗೆ ತಕ್ಕಂತೆ ಕೂರಿಸುವುದು ನನ್ನ ಕೆಲಸ. ಹುಡುಗರ ಮುಖಕ್ಕಿಂತ ತಲೆ ನನಗೆ ಚೆನ್ನಾಗಿ ಗೊತ್ತು. ಒಬ್ಬನದು ಇನ್ನೊಬ್ಬನಿಗೆ ಆಗುವುದಿಲ್ಲ. ಹಾಗಾಗಿ ತಲೆಗೆ ಪೆಟ್ಟು ಬಿದ್ದವನನ್ನು ಉಳಿಸಲು ನಮ್ಮಲ್ಲಿದ್ದದ್ದು ಒಂದೇ ಉಪಾಯ, ಅವನ ಹೆಲ್ಮೆಟ್ ಬಚ್ಚಿಡುವುದು. ಬರಿದಲೆಯವನನ್ನು ರೆಫರಿ ಒಳಗೆ ಬಿಡುವುದಿಲ್ಲ. ಕೋಚ್ ಬೇಡವೆನ್ನುವವರೆಗೆ ಹುಡುಗ ಆಡಬೇಕು, ಅಷ್ಟೇ ಆ ಕಾಲದ ಕಾನೂನು.

ಆ ಶನಿವಾರ ಗಾಯ ನೋಡಿಕೊಳ್ಳುತ್ತಿದ್ದ ಮುದುಕ ಲವೆಲ್‌ನ ಹೆಲ್ಮೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ಬೆಂಚಿನ ಕೆಳಗಿಟ್ಟಿದ್ದ. ಎಲ್ಲಿದೆ ಎಂದು ಕೋಚ್ ನನ್ನನ್ನು ಕೇಳಿದರು. ನಾನು ತೆಗೆದೆ, ಗಾಳಿ ಸರಿಯಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿ, ಕೊಟ್ಟೆ. ಕೆಲಸದಲ್ಲಿ ನಾನು ಅಷ್ಟು ಚೊಕ್ಕ.

ಕೋಚ್ ಕೆಟ್ಟವರಾಗಿದ್ದರೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು. ಹತ್ತಿ ಗಿರಣಿಯ ಕೂಲಿಯೊಬ್ಬನ ಮಗ ಅವರು. ಹುಡುಗುತನದಲ್ಲೇ ಅವರ ಎಡಗೈಯ ಎರಡು ಬೆರಳನ್ನು ಗಿರಣಿ ತಿಂದಿತ್ತು. ಸಣ್ಣ ಊರಿನ ಶಾಲೆಗಳಲ್ಲಿ ಹನ್ನೆರಡು ವರ್ಷ ಆಟ ಕಲಿಸಿ, ಬಸ್ಸನ್ನೂ ತಾವೇ ಓಡಿಸಿ, ಮೈದಾನದ ಗೆರೆಯನ್ನೂ ತಾವೇ ಎಳೆದು, ೧೯೭೬ರಲ್ಲಿ ಟಾರ್ವರ್‌ಗೆ ಬಂದರು. ಊಟದ ಮನೆಯಲ್ಲಿ ಬಿಳಿಯ ಹುಡುಗರು ಒಂದು ಕಡೆ, ನಾವು ಕರಿಯರು ಅಡುಗೆಮನೆ ಬಾಗಿಲ ಕಡೆ. ಮೊದಲ ದಿನವೇ ತಟ್ಟೆ ಹಿಡಿದು ಬಂದು ನಮ್ಮ ನಡುವೆ ಕೂತರು. ಅವರು ಉಪ್ಪು ಕೇಳಿದರು. ಮರುವಾರದಿಂದ ಇಡೀ ತಂಡ ಬೆರೆತು ಕೂತಿತು.

ಹುಡುಗರನ್ನು ಆರಿಸಲು ಹೋದಾಗ ಅವರು ಅಪ್ಪಂದಿರ ಜೊತೆ ಮಾತಾಡುತ್ತಿರಲಿಲ್ಲ. ನೇರ ಅಡುಗೆಮನೆಗೆ ಹೋಗಿ, ತಾಯಿ ಬಡಿಸಿದ ಸೊಪ್ಪು, ಜೋಳದ ರೊಟ್ಟಿ ತಿಂದು, ಎರಡನೇ ಸಲ ಹಾಕಿಸಿಕೊಂಡು, ನಿಮ್ಮ ಮಗ ಇನ್ನು ನನ್ನ ಮಗ ಎನ್ನುತ್ತಿದ್ದರು. ನನ್ನವ್ವನಿಗೂ ಹೇಳಿದ್ದರು. ಎರಡನೇ ವರ್ಷ ಆಡುವಾಗ ನನ್ನ ಮೊಣಕಾಲು ಮುರಿಯಿತು, ಕಾಲೇಜು ವಿದ್ಯಾರ್ಥಿವೇತನ ನಿಲ್ಲಿಸಿತು. ಕೋಚ್ ನನ್ನನ್ನು ಕರೆದು ಒಗೆಯುವ ಕೋಣೆಯ ಕೀಲಿ ಕೊಟ್ಟರು. ಓದಲು ಬಂದವನ ಕೈಗೆ ಸೋಪಿನ ಪುಡಿ ಬಂತು. ಅದನ್ನು ಮೂವತ್ತು ವರ್ಷ ಉಪಕಾರ ಎಂದುಕೊಂಡೆ.

ಅರ್ನೆಸ್ಟೀನ್ ಪ್ಯಾಟನ್‌ಗೂ ಅವರು ಅದೇ ಮಾತು ಕೊಟ್ಟಿದ್ದರು. ಅವಳ ಮಗ ಲವೆಲ್‌ಗೆ ಈಗ ಮೂವತ್ತೇಳು. ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂರುತ್ತಾನೆ. ತಂಡದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಾನೆ. ಹೇಳಿದರೆ ತಲೆಯಾಡಿಸಿ, ಮತ್ತೆ ಕೇಳುತ್ತಾನೆ. ಭಾನುವಾರ ಚರ್ಚು ಮುಗಿಸಿ ನಾನು ಅಲ್ಲಿಗೆ ಹೋಗುತ್ತೇನೆ, ಅವನ ಗಡ್ಡ ಹೆರೆಯುತ್ತೇನೆ. ಕೋಚ್ ಒಮ್ಮೆಯೂ ಹೋಗಲಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ಹೊಗೆಯಲ್ಲಿ ಒಣಗಿಸಿದ ಹಂದಿಯ ತೊಡೆ ಕಳಿಸುತ್ತಾರೆ.

"ಒಳ್ಳೇ ಮಾಂಸಾನೇ ಕಳಿಸ್ತಾರೆ ನಿಮ್ಮ ಕೋಚು," ಎಂದಿದ್ದಳು ಅರ್ನೆಸ್ಟೀನ್ ಒಮ್ಮೆ. "ಒಂದು ಮಗನಿಗೆ ಒಂದು ತೊಡೆ. ಲೆಕ್ಕ ಸರಿಹೋಯ್ತಲ್ಲ."

ಹೆಲ್ಮೆಟ್ ಯಾರು ಕೊಟ್ಟರು ಎಂದು ಅವಳು ಎಂದೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

೨೦೦೮ರ ನವೆಂಬರ್. ಕೋಚ್‌ಗೆ ಎಪ್ಪತ್ತೆರಡು, ಅದು ಅವರ ಕೊನೆಯ ಆಟ. ನೂರಾ ತೊಂಬತ್ತೊಂಬತ್ತು ಗೆಲುವು ಆಗಿತ್ತು. ಮೈದಾನಕ್ಕೆ ಅವರ ಹೆಸರಿಡುವುದು ನಿಶ್ಚಯವಾಗಿ, ೨೦೦ ಎಂದು ಬರೆದ ಫಲಕವನ್ನು ಮುಸುಕು ಹಾಕಿ ನಿಲ್ಲಿಸಿದ್ದರು. ಕಾಲೇಜಿಗೆ ದೊಡ್ಡ ಹಣ ಕೊಡುವ ಮಂದಿ ಗಾಜಿನ ಕೋಣೆಯಲ್ಲಿ ಕೂತು ಕೋಳಿಯ ರೆಕ್ಕೆ ಕಡಿಯುತ್ತಿದ್ದರು. ಕೆಳಗೆ ನಮಗೆ ಹಳೆಯ ಕಟ್ಟಳೆ, ಗಡಿಯಾರ ಓಡುವಾಗ ಯಾರೂ ಕೂರಕೂಡದು. ಆಡದ ಹುಡುಗರೂ, ನೀರು ಕೊಡುವವರೂ, ಮುರುಕು ಮೊಣಕಾಲಿನ ನಾನೂ ನಿಂತೇ ಇರಬೇಕು. ಮೂವತ್ತು ವರ್ಷ ನಿಂತಿದ್ದೆ.

ನಾಲ್ಕು ನಿಮಿಷ ಉಳಿದಿತ್ತು, ನಾಲ್ಕು ಅಂಕ ಹಿಂದಿದ್ದೆವು. ಚೆಂಡು ಹಿಡಿದು ಓಡುವ ಕೀಶಾನ್ ಮೇಬ್ರಿಯನ್ನು ಇಬ್ಬರು ಎರಡು ಕಡೆಯಿಂದ ಅಪ್ಪಳಿಸಿದರು. ಅವನು ಎದ್ದ. ಜನ ಚಪ್ಪಾಳೆ ತಟ್ಟಿದರು. ಎದ್ದವನು ನೆಟ್ಟಗೆ ನಡೆದು ಎದುರು ತಂಡದ ಸಾಲಿಗೆ ಹೋಗಿ ನಿಂತ. ಜನ ನಕ್ಕರು.

ಆಗ ನಮ್ಮ ಗಾಯ ನೋಡಿಕೊಳ್ಳುತ್ತಿದ್ದವಳು ಮರ್ಲೀನ್ ಟಟ್. ಅವನನ್ನು ಕೈಹಿಡಿದು ಕರೆತಂದು, ತಿಂಗಳುಗಳನ್ನು ಕೊನೆಯಿಂದ ಮೊದಲಿಗೆ ಹೇಳಿಸಿದಳು. ಡಿಸೆಂಬರ್ ಎಂದ, ಅಲ್ಲಿಗೇ ನಿಂತ. ಅವಳು ಹೆಲ್ಮೆಟ್ ಕಳಚಿ ನನ್ನ ಎದೆಗೆ ಒತ್ತಿದಳು. ನಾನು ಅದನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ. ಕೀಲಿ ನನ್ನ ಕೊರಳಲ್ಲಿತ್ತು.

ಕೋಚ್ ಬಂದರು. ಅವರು ಕೂಗುವವರಲ್ಲ. ಮರ್ಲೀನ್ ಎದುರು ನಿಂತು, ಇವತ್ತು ಇವನು ಆಡೋ ಹಾಗಿಲ್ಲ ಎಂದಳು. ಕೋಚ್ ಅವಳನ್ನು ದಾಟಿ ನನ್ನ ಬಳಿ ಬಂದು, ಆ ಮೂರು ಬೆರಳಿನ ಕೈಯನ್ನು ನನ್ನ ಹೆಗಲ ಮೇಲಿಟ್ಟರು.

"ಓಥಾ, ಪೆಟ್ಟಿಗೆ ತೆಗಿ."

"ಹುಡುಗನಿಗೆ ತಿಂಗಳು ಹೇಳಕ್ಕೆ ಬರ್ತಿಲ್ಲ, ಕೋಚ್."

"ಚೆಂಡು ಹಿಡಿಯೋಕೆ ಬರುತ್ತಲ್ಲ, ಸಾಕು. ಪಂಚಾಂಗ ಓದಿಸಕ್ಕೆ ಕರ್ಕೊಂಡು ಬಂದಿಲ್ಲ ಅವನನ್ನ."

ಅಷ್ಟರಲ್ಲಿ ಕೀಶಾನ್ ಬಂದು ನನ್ನ ತೋಳು ಹಿಡಿದ. ಒಂದು ಕಣ್ಣಿನ ಪಾಪೆ ದೊಡ್ಡದು, ಇನ್ನೊಂದರದು ಸಣ್ಣದು. "ಮಿಸ್ಟರ್ ಓಥಾ, ಕೊಡಿ. ನಾನು ಚೆನ್ನಾಗಿದ್ದೀನಿ. ನಮ್ಮಮ್ಮ ನೋಡ್ತಿದ್ದಾಳೆ." ಎಂದು ಕೈಯೆತ್ತಿ ತೋರಿಸಿದ. ಅವನು ತೋರಿಸಿದ್ದು ಖಾಲಿ ಗೋಡೆಯನ್ನು.

ಲವೆಲ್‌ನನ್ನು ನೆನೆಸಿಕೊಳ್ಳಿ ಎಂದು ಕೋಚ್‌ಗೆ ಹೇಳಿದೆ. ಅವರ ಕೈ ಒಂದು ಗಳಿಗೆ ಹಗುರಾಯಿತು. ಮರೆತಿರಲಿಲ್ಲ ಅವರು. ಅದು ನನಗೆ ಆಗ ತಿಳಿಯಿತು, ಅದೇ ನನ್ನನ್ನು ಹೆದರಿಸಿತು. ಎಲ್ಲಾ ನೆನಪಿಟ್ಟುಕೊಂಡೇ ಕೇಳುತ್ತಿದ್ದರು.

"ಆವತ್ತು ನೀನೇ ಕೊಟ್ಟೆಯಲ್ಲೋ," ಎಂದರು ಮೆಲ್ಲಗೆ. "ನಾನು ಕೈ ಚಾಚಿದೆ, ನೀನು ಕೊಟ್ಟೆ. ಕುಂಟನನ್ನ ಯಾರು ಇಟ್ಕೊಂಡ್ರು ಇಷ್ಟು ವರ್ಷ? ಕೀಲಿ ಕೊಟ್ಟವನು ನಾನು. ಈಗ ವಾಪಸ್ ಕೊಡು, ಇಲ್ಲಾ ನೀನೇ ತೆಗಿ. ಇಲ್ಲಾಂದ್ರೆ ಸೋಮವಾರ ಬರೋದು ಬೇಡ."

ಹಿಂದೆ ಹತ್ತಾರು ಸಾವಿರ ಜನ ಕೀಶಾನ್‌ನ ಹೆಸರು ಹಿಡಿದು ಕೂಗುತ್ತಿದ್ದರು. ಗಡಿಯಾರ ಓಡುತ್ತಿತ್ತು. ಕೀಲಿಯನ್ನು ಅಂಗಿಯ ಒಳಗೆ ಬಿಟ್ಟುಕೊಂಡೆ. ಕೆಟ್ಟ ಕಾಲನ್ನು ಮುಂದೆ ಚಾಚಿ, ನಿಧಾನವಾಗಿ, ಆ ಪೆಟ್ಟಿಗೆಯ ಮೇಲೆ ಕೂತೆ.

"ಎದ್ದೇಳು, ಓಥಾ."

"ಏಳಲ್ಲ, ಕೋಚ್."