ಹೆಚ್ಚು, ಕಡಿಮೆ, ಅಷ್ಟೇ

ಜನಾಭಿಪ್ರಾಯ ಎಂಬ ಪದಾರ್ಥ ಎಲ್ಲಿ ತಯಾರಾಗುತ್ತದೆ ಎಂದು ಯಾರಾದರೂ ಕೇಳಿದರೆ ಧಾರಾಳವಾಗಿ ಹೇಳಿಬಿಡಬಹುದು: ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದೇ ಒಂದು ಕಿಟಕಿ ಇರುವ ಉದ್ದನೆಯ ಕೋಣೆಯಲ್ಲಿ. ಆ ಕಿಟಕಿಯನ್ನೂ ತೆರೆಯುವಂತಿಲ್ಲ. ತೆರೆದರೆ ಬಸ್ಸಿನ ಹಾರ್ನ್ ಫೋನಿನೊಳಗೆ ನುಗ್ಗಿ, ಅಭಿಪ್ರಾಯ ಹೇಳಬೇಕಾದವರು "ಏನ್ರೀ, ಬಸ್‌ಸ್ಟ್ಯಾಂಡಿಂದ ಮಾತಾಡ್ತಿದೀರಾ?" ಎಂದು ಅನುಮಾನ ಪಡುತ್ತಾರೆ. ಸಾಂಕ್ರಾಮಿಕದ ಕಾಲದಲ್ಲಿ ಮೇಜು ಮೇಜಿನ ನಡುವೆ ನಿಲ್ಲಿಸಿದ್ದ ಪ್ಲಾಸ್ಟಿಕ್ ಪರದೆಗಳು ಇನ್ನೂ ಅಲ್ಲೇ ಇದ್ದವು. ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ, ಹಾಗಾಗಿ ಯಾರೂ ತೆಗೆದಿರಲಿಲ್ಲ. ಅವುಗಳ ಮೇಲೆ ಬೆರಳಿನ ಗುರುತು, ಚಹಾದ ಹನಿ, ಒಣಗಿದ ಸೀನು.

ಆ ಕೋಣೆಯ ಮೇಲ್ವಿಚಾರಕಿಯನ್ನು ಎಲ್ಲರೂ ಬೆನ್ನ ಹಿಂದೆ ಕತ್ತರಿ ಮೇಡಂ ಎನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ದೊಡ್ಡವರು ಬರೆದು ಕಳಿಸಿದ ಪ್ರಶ್ನೆಗಳನ್ನು ಮನುಷ್ಯರು ಕೇಳಬಹುದಾದ ಪ್ರಶ್ನೆಗಳನ್ನಾಗಿ ಕತ್ತರಿಸುವುದು ಅವಳ ಕೆಲಸ. ಈ ಸಲದ ಪ್ರಶ್ನೆ ನಗರಸಭೆಯದು, ಬರೆದವರು ಒಬ್ಬ ಪ್ರೊಫೆಸರ್. "ಸಾಂಕ್ರಾಮಿಕೋತ್ತರ ಪುನಶ್ಚೇತನದ ಸಂದರ್ಭದಲ್ಲಿ ಹವಾಮಾನ ವೈಪರೀತ್ಯ ಉಪಶಮನ ಕ್ರಮಗಳ ತೀವ್ರತೆಯ ಕುರಿತಾದ ತಮ್ಮ ಮನೋಧೋರಣೆಯು" ಎಂದು ಶುರುವಾಗಿ, ಉಸಿರು ಕಟ್ಟಿಸಿ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯನ್ನೇ ಮರೆತು ನಿಂತಿತ್ತು.

"ಇದನ್ನ ಓದಿ ಮುಗಿಸೋ ಹೊತ್ತಿಗೆ ಇನ್ನೊಂದು ಕಾಯಿಲೆ ಬಂದು ಹೋಗಿರುತ್ತೆ" ಎಂದು ಕತ್ತರಿ ಮೇಡಂ ಮೂಗು ಮುರಿದು, ಕೂತಲ್ಲೇ ಕತ್ತರಿಸಿದಳು: "ಈ ಕಾಯಿಲೆ ಬಂದುಹೋದ ಮೇಲೆ, ಹವಾಮಾನ ಕೆಡದ ಹಾಗೆ, ಕೆಟ್ಟರೂ ನಾವು ಮುಳುಗದ ಹಾಗೆ ಮಾಡೋ ಕೆಲಸ ಹೆಚ್ಚು ಆಗಬೇಕಾ, ಕಡಿಮೆ ಆಗಬೇಕಾ, ಅಷ್ಟೇ ಇರಬೇಕಾ?"

ಅಷ್ಟೇ ಇರಬೇಕಾ! ಎಷ್ಟು ಚೆನ್ನಾಗಿದೆ, ಎಷ್ಟು ಚಿಕ್ಕದಾಗಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಬೇರೆ ಪ್ರಶ್ನೆಗಳ ಹಾಗೆ ಇದು ಅವಳಿಗೆ ಬರೀ ಪ್ರಶ್ನೆಯಾಗಿರಲಿಲ್ಲ. ಊರ ತಗ್ಗಿನಲ್ಲಿ ಕಾಲುವೆ ಪಕ್ಕದ ಬೀದಿಯಲ್ಲಿ ಅವಳ ಅಕ್ಕ ಹೊಲಿಗೆ ಅಂಗಡಿ ಇಟ್ಟಿದ್ದಳು. ಮುಂದೆ ಅಂಗಡಿ, ಹಿಂದೆ ಮನೆ. ಮೊದಲೆಲ್ಲ ಕಾಲುವೆ ತುಂಬಿದರೆ ಮೆಟ್ಟಿಲು ನೆನೆಯುತ್ತಿತ್ತು. ಈಚಿನ ಮಳೆಗಳಿಗೆ ಹೊತ್ತು ಗೊತ್ತಿಲ್ಲ, ಹದವಿಲ್ಲ. ಕಳೆದ ಬಾರಿ ನೀರು ಹೊಲಿಗೆ ಯಂತ್ರದ ಮೋಟಾರಿನವರೆಗೆ ಬಂದು, ಅಕ್ಕ ಗಿರಾಕಿಗಳ ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತು ಮೇಜು ಹತ್ತಿ ನಿಂತಿದ್ದಳು. ಆಮೇಲೆ ನಗರಸಭೆ ಕಾಲುವೆಯ ದಂಡೆ ಎತ್ತರಿಸುವ ಕೆಲಸ ಶುರು ಮಾಡಿತು. ಕಾಯಿಲೆ ಬಂತು, ಕೆಲಸ ನಿಂತಿತು. ಅರ್ಧ ಎದ್ದ ಗೋಡೆಯಿಂದ ಕಬ್ಬಿಣದ ಸರಳುಗಳು ಆಕಾಶಕ್ಕೆ ಕೈ ಮುಗಿದುಕೊಂಡು ಹಾಗೇ ನಿಂತಿದ್ದವು. ಈಗ ಕಾಯಿಲೆ ಹೋಗಿದೆ, ದಂಡೆ ಮುಂದುವರಿಸಬೇಕೋ ಬೇಡವೋ? ನಗರಸಭೆಯ ಅಧ್ಯಕ್ಷರಿಗೆ ಸ್ವಂತ ಬುದ್ಧಿಯಿಂದ ಏನನ್ನೂ ನಿರ್ಧರಿಸಿ ಅಭ್ಯಾಸವಿರಲಿಲ್ಲ. ಅದಕ್ಕೇ ಜನರನ್ನು ಕೇಳಿ ಎಂದರು. ಹೆಚ್ಚು ಎಂದರೆ ದಂಡೆ ಏಳುತ್ತದೆ. ಕಡಿಮೆ ಎಂದರೂ ಅಷ್ಟೇ ಎಂದರೂ ಇದ್ದಲ್ಲೇ ನಿಲ್ಲುತ್ತದೆ.

"ಜನಕ್ಕೆ ಬುದ್ಧಿ ಇದ್ದೇ ಇರುತ್ತೆ" ಎಂದುಕೊಂಡು ಅವಳು ಫೋನ್ ಮಾಡಿಸಿದಳು.

ಬಂದ ಉತ್ತರ ನೋಡಿದರೆ ಅಷ್ಟೇ, ಅಷ್ಟೇ, ಅಷ್ಟೇ. ನೂರಕ್ಕೆ ಅರವತ್ತು ಮಂದಿ ಅಷ್ಟೇ.

ಡೈರೆಕ್ಟರ್ ತಮ್ಮ ಗಾಜಿನ ಕೋಣೆಯಿಂದ ಕೈ ಉಜ್ಜಿಕೊಂಡು ಬಂದರು. ಯಾವ ಫಲಿತಾಂಶ ಬಂದರೂ ಉಜ್ಜುವ ಕೈ ಅದು. "ನೋಡಿದ್ರಾ ಮೇಡಂ, ಜನ ಎಷ್ಟು ಪ್ರಬುದ್ಧರಾಗಿದಾರೆ! ಅತಿಯೂ ಬೇಡ, ಕೊರತೆಯೂ ಬೇಡ. ಸಮತೋಲನ! ಪ್ರೊಫೆಸರ್‌ಗೂ ಫೋನ್ ಮಾಡಿದೆ. ದಣಿದ ಸಮಾಜ ಯಥಾಸ್ಥಿತಿಯನ್ನು ಬಯಸುತ್ತೆ ಅಂತ ಆಗಲೇ ಒಂದು ಪ್ರಬಂಧ ಬರೀತಿದಾರೆ."

ಕತ್ತರಿ ಮೇಡಂಗೆ ಮೈಯೆಲ್ಲ ಉರಿಯಿತು. ಡೈರೆಕ್ಟರ್ ಮೇಲೆ ಅಲ್ಲ, ಜನರ ಮೇಲೆ. ಎಂಥ ಜನ! ಕಾಯಿಲೆ ಬಂದಾಗ ಬಾಗಿಲ ಚಿಲಕವನ್ನು ಸೋಪು ಹಾಕಿ ತೊಳೆದವರು, ಆಕಾಶ ಎಷ್ಟು ನೀಲಿ ಆಗಿದೆ ನೋಡಿ ಎಂದು ಮಾಳಿಗೆ ಹತ್ತಿ ಫೋಟೋ ಹಿಡಿದವರು, ಹಕ್ಕಿ ಕೂಗು ಕೇಳಿಸ್ತಿದೆ ಎಂದು ಕಣ್ಣೀರು ಹಾಕಿದವರು. ಬೀಗ ತೆರೆದ ಮಾರನೇ ದಿನವೇ ಎಲ್ಲ ಮರೆತು ಹೊಸ ಕಾರಿಗೆ ಸಾಲು ನಿಂತ ನಾಚಿಕೆಗೆಟ್ಟ ಮಂದಿ! ತಗ್ಗಿನಲ್ಲಿ ಯಾರೋ ಮುಳುಗಿದರೆ ಇವರಿಗೇನು? ಅವರವರ ಬಾಯಿಯಿಂದಲೇ ಕೇಳಿಬಿಡೋಣ ಎಂದು ಹಠಕ್ಕೆ ಬಿದ್ದು, ಹೆಡ್‌ಫೋನ್ ಸಿಕ್ಕಿಸಿಕೊಂಡು, ಧ್ವನಿಮುದ್ರಿಸಿಟ್ಟ ಕರೆಗಳನ್ನು ಕೇಳತೊಡಗಿದಳು.

ಮೊದಲ ಕರೆ ಒಬ್ಬ ಅಜ್ಜನದು. "ಅಷ್ಟೇ ಅಲ್ಲಪ್ಪಾ, ಹೇಳೋದು ಇನ್ನೂ ಇದೆ, ಕೇಳು..." ಟಕ್. ಕರೆ ಕತ್ತರಿಸಿ, ಅಷ್ಟೇ ಎಂದು ಗುರುತು ಹಾಕಲಾಗಿತ್ತು.

ಎರಡನೆಯದು ಒಬ್ಬ ತಾಯಿ, ಪಕ್ಕದಲ್ಲಿದ್ದ ಮಗುವಿಗೆ: "ಅದನ್ನ ಮುಟ್ಟಿದ್ಯೋ, ಅಷ್ಟೇ ನೀನು!" ಅಷ್ಟೇ.

ಆಮೇಲೊಬ್ಬ ಗಂಡ. "ನಮ್ಮನೆಯವಳು ಈಗ್ತಾನೇ ಏನೋ ಹೇಳಿದ್ಲಲ್ಲ, ನಂದೂ ಅಷ್ಟೇ." ಹೆಂಡತಿ ಹೇಳಿದ್ದು ಕಡಿಮೆ. ಗಂಡನಿಗೆ ಬಿದ್ದದ್ದು ಅಷ್ಟೇ.

ಇನ್ನೊಬ್ಬನ ದನಿ ನಡುಗುತ್ತಿತ್ತು: "ಮಳೆ ಹಿಂಗೇ ಹುಯ್ದರೆ ನಾವು ಅಷ್ಟೇ ಸಾರ್, ಮುಗೀತು ನಮ್ಮ ಕಥೆ." ಅಷ್ಟೇ!

ಕತ್ತರಿ ಮೇಡಂ ಎದ್ದುನಿಂತಳು. ಈ ಕರೆಗಳನ್ನು ಮಾಡಿದ್ದವನು ಮೂಲೆಯ ಮೇಜಿನ ಕಂಡಕ್ಟರ್. ನಿಜವಾಗಿಯೂ ಬಸ್ ಕಂಡಕ್ಟರ್ ಆಗಿದ್ದವನೇ. ಕಾಯಿಲೆಯ ಕಾಲದಲ್ಲಿ ಬಸ್ಸುಗಳು ನಿಂತಾಗ ಇಲ್ಲಿಗೆ ಬಂದು ಸೇರಿದ್ದ. ನಿಲ್ದಾಣದ ಹೆಸರು ಕೂಗಿ ಕೂಗಿ ಪಳಗಿದ ಗಂಟಲು. ಪ್ರಶ್ನೆಯನ್ನೂ ಹಾಗೇ ಕೂಗುತ್ತಿದ್ದ: "ಹೆಚ್ಚಾಕಡಿಮೆಯಾಅಷ್ಟೇನಾ!"

"ಏನ್ರೀ ಇದು? ಸಾಯ್ತೀವಿ ಅಂತ ಹೇಳ್ತಿರೋನಿಗೆ ಹೀಗೇ ಇರ್ಲಿ ಅಂತ ಗುರುತು ಹಾಕಿದೀರಲ್ಲ?"

"ಅವನು ಏನಂದ ಮೇಡಂ? ಅಷ್ಟೇ ಅಂದ. ಪಟ್ಟಿಯಲ್ಲಿ ಅಷ್ಟೇ ಅಂತ ಇತ್ತು, ಒತ್ತಿದೆ. ಪದ ನೀವು ಹಾಕಿದ್ದು. ನಾನು ಚಿಲ್ಲರೆ ಕೊಡೋನು, ನೋಟು ಅಚ್ಚು ಹಾಕೋನಲ್ಲ."

ಅವಳಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಡೈರೆಕ್ಟರ್ ಕೋಣೆಗೆ ನುಗ್ಗಿದಳು.

ಡೈರೆಕ್ಟರ್ ಎಲ್ಲ ಕೇಳಿ ಹಲ್ಲು ಕಿರಿದರು. "ಅಷ್ಟೇ ಅಂದ್ರೆ ಅಷ್ಟೇ ಅಲ್ವಾ ಮೇಡಂ?"

"ಅಲ್ಲ ಸಾರ್. ಮುಗೀತು ಅಂತಲೂ ಅಷ್ಟೇ, ಸಾಕು ಅಂತಲೂ ಅಷ್ಟೇ. ಬಯ್ಯೋದಕ್ಕೂ ಅಷ್ಟೇ."

"ಸರಿ, ನೀವು ಅಷ್ಟು ಮನಸ್ಸಿಗೆ ಹಚ್ಕೊಂಡಿದ್ರೆ ಕೂತು ಕೇಳಿ, ದನಿ ನೋಡ್ಕೊಂಡು ಬೇರೆ ಬೇರೆ ಮಾಡಿ. ನಾಳೆ ಮಧ್ಯಾಹ್ನ ಸಭೆ. ಹೆಚ್ಚು ಅಂತ ಬಂದ್ರೂ ಪರವಾಗಿಲ್ಲ, ಕಡಿಮೆ ಅಂತ ಬಂದ್ರೂ ಪರವಾಗಿಲ್ಲ. ಏನಾದ್ರೂ ಒಂದು ಬರಬೇಕು. ಗೊತ್ತಿಲ್ಲ ಅಂತ ಮಾತ್ರ ಬರಬಾರದು. ಗೊತ್ತಿಲ್ಲ ಅಂತ ಕೇಳೋಕೆ ನಮ್ಮ ಹತ್ರ ಯಾಕೆ ಬರ್ತಾರೆ ಹೇಳಿ?"

ಕತ್ತರಿ ಮೇಡಂ ಕೂತಳು. ಒಳಗೊಂದು ಆಸೆ ಚಿಗುರಿತ್ತು: ಜನ ಹೆದರಿದ್ದಾರೆ, ದಂಡೆ ಬೇಕು ಎಂದೇ ಹೇಳಿದ್ದಾರೆ, ನಾವೇ ಕೇಳಿಸಿಕೊಂಡಿಲ್ಲ. ನೂರಾರು ಅಷ್ಟೇಗಳನ್ನು ಒಂದೊಂದಾಗಿ ಕಿವಿಗೆ ಹಚ್ಚಿಕೊಂಡಳು. ಕೇಳುತ್ತಾ ಹೋದ ಹಾಗೆ ಆಸೆ ಬಾಡಿತು. ನಡುಗುವ ದನಿಗಳು ಅಲ್ಲೊಂದು ಇಲ್ಲೊಂದು. ಹೀಗೇ ಇರಲಿ ಬಿಡಿ ಎಂದು ನಿಜವಾಗಿ ಯೋಚಿಸಿ ಹೇಳಿದವರು ಅದಕ್ಕಿಂತ ವಿರಳ. ಮಿಕ್ಕವರೆಲ್ಲ ಪ್ರಶ್ನೆಯನ್ನೇ ಕೇಳಿಸಿಕೊಂಡಿರಲಿಲ್ಲ. ಮೂರನೆಯ ಆಯ್ಕೆ ಕಿವಿಗೆ ಬಿದ್ದದ್ದೇ ತಡ, ಎಲ್ಲರದೂ ಒಂದೇ ಮಾತು: "ಅಷ್ಟೇನಾ? ಇಡ್ಲಾ?"

ಮಾತು ಮುಗಿಯಿತಾ, ಫೋನ್ ಇಡಲಾ. ಇದೇ ಊರಿನ ಅಭಿಪ್ರಾಯ! ಭೂಮಿ ಉರಿಯಲಿ, ಕಾಲುವೆ ಉಕ್ಕಲಿ, ಇನ್ನೊಂದು ಕಾಯಿಲೆ ಬಾಗಿಲು ತಟ್ಟಲಿ, ಇವರಿಗೆ ಒಲೆಯ ಮೇಲಿನ ಹಾಲು ಉಕ್ಕದಿದ್ದರೆ ಸಾಕು. ಕತ್ತರಿ ಮೇಡಂ ತುಟಿ ಸೊಟ್ಟ ಮಾಡಿಕೊಂಡು ಒಬ್ಬೊಬ್ಬರನ್ನೂ ಬಯ್ಯುತ್ತಾ "ಅಭಿಪ್ರಾಯವಿಲ್ಲ" ಎಂಬ ಕಡೆಗೆ ತಳ್ಳತೊಡಗಿದಳು. ಹಾಗೆ ತಳ್ಳುತ್ತಾ ಹೋದರೆ ಉಳಿಯುವುದು ಹೆಚ್ಚು ಎಂದವರು ಮತ್ತು ಕಡಿಮೆ ಎಂದವರು, ಈ ಎರಡೇ ಗುಂಪು. ಕಡಿಮೆ ಎಂದವರೇ ಜಾಸ್ತಿ ಇದ್ದರು.

ಅಷ್ಟರಲ್ಲಿ ಕಿವಿಯಲ್ಲಿ ಒಂದು ಪರಿಚಯದ ದನಿ. ಹಿಂದೆ ಹೊಲಿಗೆ ಯಂತ್ರದ ಗರಗರ.

"ಏನಪ್ಪಾ? ಹವಾಮಾನಾನಾ? ಇವತ್ತು ಪರವಾಗಿಲ್ಲ, ಮೋಡ ಇದೆ. ಏನು? ಹೆಚ್ಚೋ ಕಮ್ಮಿಯೋ... ಅಯ್ಯೋ, ತೋಳು ಅಳತೆ ತಪ್ಪಿತು ನಿನ್ನಿಂದ. ಅಷ್ಟೇನಾ? ಇಡ್ಲಾ?"

ಅಕ್ಕ.

ಕತ್ತರಿ ಮೇಡಂ ಅದನ್ನು ಮತ್ತೆ ಹಾಕಿ ಕೇಳಿದಳು. ಭಯ ಎಲ್ಲಾದರೂ ಇದೆಯಾ, ಒಂದು ಬಿಕ್ಕು, ಒಂದು ನಿಟ್ಟುಸಿರು? ಏನೂ ಇಲ್ಲ. ಮುಳುಗಬೇಕಾದವಳೇ ತೋಳಿನ ಅಳತೆ ಹಿಡಿದು ಕೂತಿದ್ದಳು. ಇಷ್ಟು ಹೊತ್ತು ಊರವರನ್ನೆಲ್ಲ ಬೈದಿದ್ದಳು. ಅಕ್ಕನನ್ನು ಹೇಗೆ ಬಯ್ಯುವುದು? ಬೈದರೂ ನೀರು ಕೇಳುತ್ತದೆಯೇ?

ಹಿಂದಿನ ವರ್ಷ ಒಬ್ಬಳು ಫೋನ್ ಮಾಡದೆಯೇ ತಾನೇ ಉತ್ತರ ತುಂಬಿದ್ದಕ್ಕೆ ಇದೇ ಕತ್ತರಿ ಮೇಡಂ ಎಲ್ಲರೆದುರು ನೀರಿಳಿಸಿ ಕೆಲಸದಿಂದ ಕಳಿಸಿದ್ದಳು. ಸತ್ಯದ ಬಗ್ಗೆ ಒಂದು ಭಾಷಣವನ್ನೂ ಬಿಗಿದಿದ್ದಳು. ಆ ಭಾಷಣ ಈಗ ನೆನಪಾಯಿತು. ಚೆನ್ನಾಗಿಯೇ ಇತ್ತು. ನೆನಪಾಗಿದ್ದನ್ನು ಪಕ್ಕಕ್ಕಿಟ್ಟು, ಅಕ್ಕನ ಅಷ್ಟೇಯನ್ನು ಎತ್ತಿ "ಹೆಚ್ಚು" ಎಂಬ ಕಡೆಗೆ ಹಾಕಿದಳು. ಒಂದು ಹಾಕಿದ ಮೇಲೆ ಕೈ ಸಡಿಲವಾಯಿತು. ಅಷ್ಟೇನಾ ಇಡ್ಲಾ ಎಂದವರನ್ನೆಲ್ಲ ಬುಟ್ಟಿ ಬುಟ್ಟಿಯಾಗಿ ಎತ್ತಿ ಅಲ್ಲಿಗೇ ಸುರಿದಳು.

ಪ್ಲಾಸ್ಟಿಕ್ ಪರದೆಯಾಚೆಯಿಂದ ಕಂಡಕ್ಟರ್ ಇಣುಕಿದ. "ಮೇಡಂ, ಆ ಹೊಲಿಗೆಯಮ್ಮ ನನ್ನ ಕರೆ. ಆಯಮ್ಮ ಹೆಚ್ಚು ಅನ್ನಲೇ ಇಲ್ಲ."

"ದನಿಯಲ್ಲಿ ಆತಂಕ ಇತ್ತು. ನಿಮಗೆ ಅದೆಲ್ಲ ಗೊತ್ತಾಗಲ್ಲ."

"ಗೊತ್ತಾಗುತ್ತೆ ಮೇಡಂ. ಯಾರು ಎಲ್ಲಿ ಇಳೀತಾರೆ ಅಂತ ಮುಖ ನೋಡಿ ಹೇಳ್ತಿದ್ದೆ ನಾನು." ಗದ್ದಕ್ಕೆ ಜಾರಿದ್ದ ಮಾಸ್ಕನ್ನು ಮೇಲಕ್ಕೆಳೆದುಕೊಂಡ. "ನೀವು ಹತ್ತೋಕೆ ಮೊದಲೇ ಇಳಿಯೋ ಜಾಗ ಗೊತ್ತು ಮಾಡ್ಕೊಂಡಿದೀರಿ. ಇರ್ಲಿ ಬಿಡಿ, ರೈಟ್."

ಸಭೆಯನ್ನು ನೋಡಬೇಕಿತ್ತು. ಗೋಡೆಯ ಮೇಲೆ ಫಲಿತಾಂಶದ ಚಿತ್ರ, ಅದರಲ್ಲಿ ಹಸಿರು ಬಣ್ಣದ ದೊಡ್ಡ ತುಂಡು, ಅದರ ಕೆಳಗೆ "ಹೆಚ್ಚು". ಯಥಾಸ್ಥಿತಿಯ ಪ್ರಬಂಧ ಬರೆಯುತ್ತಿದ್ದ ಪ್ರೊಫೆಸರ್ ಎದ್ದು ನಿಂತು, ಕನ್ನಡಕ ಒರೆಸಿ, ಕಣ್ಣು ಕೂಡ ಮಿಟುಕಿಸದೆ, "ನಾನು ಮೊದಲಿನಿಂದಲೂ ಹೇಳುತ್ತಾ ಬಂದ ಹಾಗೆ, ಸಾಂಕ್ರಾಮಿಕವು ಸಮಾಜದ ಪರಿಸರ ಪ್ರಜ್ಞೆಯನ್ನು ಬಡಿದೆಬ್ಬಿಸಿದೆ" ಎಂದರು. ಡೈರೆಕ್ಟರ್ ಕೈ ಉಜ್ಜಿದರು. ಅಧ್ಯಕ್ಷರು ದಂಡೆಯ ಕೆಲಸ ನಿಲ್ಲಿಸುವ ಭಾಷಣವನ್ನು ಎಡ ಜೇಬಿನಲ್ಲೂ ಮುಂದುವರಿಸುವ ಭಾಷಣವನ್ನು ಬಲ ಜೇಬಿನಲ್ಲೂ ಇಟ್ಟುಕೊಂಡು ಬಂದಿದ್ದರು. ಬಲ ಜೇಬಿಗೆ ಕೈ ಹಾಕಿದರು. "ಜನರ ಮಾತೇ ನನ್ನ ಮಾತು" ಎಂದು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೋಡೆಯ ಮೇಲೆ ಚಿತ್ರ ಬದಲಾಯಿಸುತ್ತಿದ್ದ ಕತ್ತರಿ ಮೇಡಂ ಕೂಡ ತಟ್ಟಿದಳು. ಇಂಥವರ ನಡುವೆ ತಾನೊಬ್ಬಳು ಬೇರೆ ಎಂದು ಇಷ್ಟು ವರ್ಷ ಅಂದುಕೊಂಡು ಬಂದಿದ್ದಳು. ಅವಳ ಚಪ್ಪಾಳೆಯ ಸದ್ದು ಅವರ ಸದ್ದಿನಂತೆಯೇ ಇತ್ತು.

ಸ್ವಲ್ಪ ದಿನ ಬಿಟ್ಟು ಅವಳು ಅಕ್ಕನ ಅಂಗಡಿಗೆ ಹೋದಳು. ಬೀದಿ ತುಂಬ ಧೂಳು. ಮಣ್ಣು ಅಗೆಯುವ ಯಂತ್ರ ಅಂಗಡಿಯ ಮುಂದೆಯೇ ಗುಂಡಿ ತೋಡಿತ್ತು. ಗೋಡೆ ಭುಜದ ಎತ್ತರ ದಾಟಿತ್ತು. ಅಕ್ಕ ಸೊಂಟಕ್ಕೆ ಕೈ ಕೊಟ್ಟು, ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು, ಯಂತ್ರದವನನ್ನು ಬಯ್ಯುತ್ತಿದ್ದಳು.

"ಬಂದ್ಯಾ? ನೋಡು ಈ ಕರ್ಮ. ಕಾಯಿಲೆ ಹೋಗಿ ಈಗ್ತಾನೇ ನಾಲ್ಕು ಗಿರಾಕಿ ತಲೆ ಹಾಕ್ತಿದ್ರು, ಈಗ ಈ ಹಳ್ಳ ಹಾರಿ ಯಾವಳು ಬರ್ತಾಳೆ ರವಿಕೆ ಹೊಲಿಸೋಕೆ?"

"ನೀರು ಬರಲ್ವಲ್ಲ ಅಕ್ಕ ಇನ್ಮೇಲೆ."

"ನೀರು ಬಂದಾಗ ನೋಡ್ಕೋಬಹುದಿತ್ತು. ಗಾಳೀನೂ ಬರಲ್ವಲ್ಲೇ ಇನ್ಮೇಲೆ! ಯಾವ ಕೆಲಸವಿಲ್ಲದೋರು ಕೇಳಿದ್ರೋ ಇದನ್ನ. ಕೇಳಿದ್ರೆ ಇವನು ಜನಾಭಿಪ್ರಾಯ ಅಂತಾನೆ. ನನ್ನನ್ನ ಯಾರು ಕೇಳಿದ್ರು? ನಾನು ಜನ ಅಲ್ವಾ?"

"ಅಲ್ಲ. ನೀನು ನನ್ನ ಅಕ್ಕ."

ಅಕ್ಕ ಏನೋ ಹೊಳೆದ ಹಾಗೆ ಹುಬ್ಬು ಗಂಟಿಕ್ಕಿದಳು. "ಇದರಲ್ಲಿ ನಿನ್ನ ಕೈ ಇದೆಯೇನೇ?"

"ಇದೆ."

"ನಿಮ್ಮ ಆಫೀಸಿಗೆ ಬೆಂಕಿ ಬೀಳ!" ಅಕ್ಕ ಧೂಳಿಗೆ ಸೀನಿದಳು. ಗುಂಡಿಯಾಚೆ ಗಿರಾಕಿಯೊಬ್ಬಳು ಬಟ್ಟೆ ಚೀಲ ಎದೆಗವಚಿಕೊಂಡು ದಿಕ್ಕು ತೋಚದೆ ನಿಂತಿದ್ದಳು. "ಬಾ ಇಲ್ಲಿ, ಮೊದಲು ಆ ಹಲಗೆ ಹಿಡಿ. ಆ ಕಡೆ ಭಾರ ಹಾಕಿ ನಿಲ್ಲು. ಅಲ್ಲಾಡಿಸಿದ್ರೆ ನೋಡು."

ಕತ್ತರಿ ಮೇಡಂ ಹಲಗೆಯ ತುದಿಯ ಮೇಲೆ ಭಾರ ಹಾಕಿ ನಿಂತಳು. ಗಿರಾಕಿ ಒಂದೊಂದೇ ಹೆಜ್ಜೆ ಇಡುತ್ತಾ, ನಗರಸಭೆಯನ್ನೂ ಅದರ ಗೋಡೆಯನ್ನೂ ಗೋಡೆ ಬೇಕೆಂದ ಜನರನ್ನೂ ಬಾಯಿಗೆ ಬಂದಂತೆ ಬಯ್ಯುತ್ತಾ ದಾಟಿ ಬಂದಳು.