ಓಬಳೇಶನ ಸೈಕಲ್ಲಿನ ಸ್ಟ್ಯಾಂಡ್

ಓಬಳೇಶನಿಗೆ ಬೇಕಾಗಿದ್ದದ್ದು ಹಗುರವಾದ ಸೈಕಲ್ಲು. ಚಳ್ಳಕೆರೆಯ ಉಳಿದವರಿಗೆಲ್ಲ ಬೇಕಾಗಿದ್ದದ್ದು ಅದಕ್ಕೊಂದು ಸ್ಟ್ಯಾಂಡ್.

ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊರುತ್ತಿದ್ದ ಅವನಿಗೆ ಪೊಲೀಸ್ ಪೇದೆಯಾಗುವ ಹುಚ್ಚು. ಇದ್ದದ್ದು ಕ್ರೀಡಾ ಕೋಟಾ ಒಂದೇ ದಾರಿ, ವಯಸ್ಸು ಬೇರೆ ಆ ವರ್ಷಕ್ಕೆ ಮೀರುತ್ತಿತ್ತು. ಓಟ, ಈಜು, ಸೈಕಲ್ ಮೂರೂ ಸೇರಿದ ಪಂದ್ಯದಲ್ಲಿ ಮೊದಲ ಮೂವರೊಳಗೆ ಬಂದರೆ ರಾಜ್ಯ ಮಟ್ಟಕ್ಕೆ ಹೋಗಬಹುದು; ಅಲ್ಲಿಗೆ ಹೋಗಿ ಬಂದ ಸರ್ಟಿಫಿಕೇಟಿದ್ದರೆ ಕೋಟಾಕ್ಕೆ ಸಾಕು. ಓಟಕ್ಕೆ ಕಾಲಿದ್ದವು. ಈಜು ಗೌರಸಮುದ್ರದ ಬಾವಿಗಳಲ್ಲಿ ಕಲಿತದ್ದು. ಇಲ್ಲದ್ದು ಸೈಕಲ್ಲು. ಅದನ್ನೂ ಬೆಂಗಳೂರಿನ ಗುಜರಿಯಿಂದ ಹೊತ್ತು ತಂದ. ವಿದೇಶದ ಮಾಲು, ಮೊಣಕೈ ಊರಿ ಬಗ್ಗಿಕೊಂಡು ತುಳಿಯಲು ಹ್ಯಾಂಡಲ್ಲಿನಿಂದ ಎರಡು ಕೊಂಬು ಮುಂದಕ್ಕೆ ಚಾಚಿದ್ದವು. ಚಕ್ರಗಳು ಮಾತ್ರ ಸೊಟ್ಟ.

"ಇದೇನಲೇ, ಸೈಕಲ್ಲೋ ಮಿಡತೆನೋ?" ಎಂದ ಸೈಕಲ್ ಶಾಪಿನ ಜಾವೀದ್. ಬಾಯಿ ಹಾಗಂದರೂ ಕೈ ಆಗಲೇ ಪೆಡಲು ತಿರುಗಿಸುತ್ತಿತ್ತು. ಕಾಯಿನ್ ಬೂತಿನಿಂದ ಬೆಂಗಳೂರಿನ ಭಾಮೈದ ತಾರಿಕ್‌ಗೆ ಫೋನು ಮಾಡಿದ. ವಾರದೊಳಗೆ ಬಸ್ಸಿನ ಟಾಪಿನ ಮೇಲೆ ಹೊಸ ಚಕ್ರಗಳು ಬಂದವು, ಕಡ್ಡಿ ಕಮ್ಮಿ, ತೂಕ ಇಲ್ಲವೇ ಇಲ್ಲ. ಹಳೇ ಚಕ್ರದಿಂದ ಚೈನು ಕೂರುವ ಹಲ್ಲುಗಳನ್ನು ಬಿಚ್ಚಿ ಹೊಸದಕ್ಕೆ ಕೂರಿಸಿ, ಬ್ರೇಕಿನ ರಬ್ಬರು ಒಳಕ್ಕೆ ಸರಿಸಿ, ಒಂದೊಂದೇ ಕಡ್ಡಿ ಮೀಟಿ ಬೆಂಡ್ ತೆಗೆದ. ಕೂಲಿ ಬೇಡವೆಂದ. ಸಂತೆಗೆ ಬಂದವರೆಲ್ಲ ಸೈಕಲ್ಲನ್ನು ಒಂದು ಬೆರಳಲ್ಲಿ ಎತ್ತಿ ನೋಡಿ ಹೋದರು.

"ಹಗುರ ಏನೋ ಐತೆ," ಎಂದ ಪಕ್ಕದ ಹೋಟೆಲಿನ ಪಾತಣ್ಣ. "ಸ್ಟ್ಯಾಂಡೆಲ್ಲೈತೆ?"

"ಇದಕ್ಕೆ ಇರಲ್ಲ ಪಾತಣ್ಣ," ಎಂದ ಓಬಳೇಶ.

"ಮತ್ತೆ ಹೆಂಗೆ ನಿಲ್ಲಿಸ್ತಾರೆ?"

"ನಿಲ್ಲಿಸಲ್ಲ. ಓಡಿಸ್ತಾರೆ."

"ಟೀ ಕುಡಿಯೋವಾಗ?"

ಪಾತಣ್ಣನ ಈ ಮಾತು ಜಾವೀದನ ಎದೆಗೆ ನಾಟಿತ್ತು. ಮಾರನೇ ದಿನ ನೋಡಿದರೆ ಸೈಕಲ್ಲಿಗೆ ದಪ್ಪನೆಯದೊಂದು ಸ್ಟ್ಯಾಂಡ್ ಬಂದಿತ್ತು. ತೆಳ್ಳನೆಯ ಪೈಪಿಗೆ ಅದು ಹಿಡಿಯಲೆಂದು ಹಳೇ ಟ್ಯೂಬಿನ ತುಂಡು ಸುತ್ತಿ ಬಿಗಿದಿದ್ದ.

"ಭಾರ ಆಗ್ತೈತೆ ಭಾಯ್, ತೆಗೀರಿ."

"ಇಡ್ಲಿ ನಾಕು ಕಮ್ಮಿ ತಿನ್ನು, ಸರಿಹೋಗ್ತೈತೆ. ಜಾವೀದ್ ಕಟ್ಟಿದ ಸೈಕಲ್ಲು ಕುಡುಕನಂಗೆ ಗೋಡೆಗೆ ಒರಗಿ ನಿಂತೈತೆ ಅಂದ್ರೆ ನಮ್ಮಪ್ಪ ನಬೀ ಸಾಬ್ ಗೋರಿಯಿಂದ ಎದ್ದು ಬರ್ತಾರೆ."

ಕೂಲಿ ಬೇಡವೆಂದವನ ಮುಂದೆ ಮಾತು ಬೆಳೆಸುವುದು ಹೇಗೆ? ಓಬಳೇಶ ಸೈಕಲ್ಲು ತಳ್ಳಿಕೊಂಡು ಹೊರಟ.

ಪಂದ್ಯದಲ್ಲಿ ಸೈಕಲ್ಲಿನ ಸರದಿ ಕೊನೆಗಿತ್ತು. ಬೇರೆ ಕಡೆ ಓಟವೇ ಕೊನೆಯಂತೆ. ಆದರೆ ಮುಖ್ಯ ಅತಿಥಿ ತಿಪ್ಪೇರುದ್ರಪ್ಪನವರ ಊರು ತಳಕು, ವೇದಿಕೆ ಅಲ್ಲೇ ಆಗಬೇಕು, ಅಲ್ಲಿಯವರೆಗೆ ಓಡಿಸಿದರೆ ಜನ ಸತ್ತಾರು ಎಂದು ಕ್ರಮವನ್ನೇ ತಿರುಗಿಸಿದ್ದರು. ಓಡಿ, ಬಾವಿಯಲ್ಲಿ ಈಜಿ, ಒದ್ದೆ ಮೈಯಲ್ಲೇ ಸೈಕಲ್ ಹತ್ತಿದಾಗ ಓಬಳೇಶ ನಾಲ್ಕನೆಯವನು. ಮೂರನೆಯವನು ದಾವಣಗೆರೆಯ ಹುಡುಗ, ಹಳದಿ ಟೋಪಿ, ಅವನದೂ ಕೊಂಬಿನ ಸೈಕಲ್ಲೇ.

ಊರಾಚೆಯ ಮೊದಲ ರೋಡ್ ಹಂಪಿನಲ್ಲೇ ಟಣ್ಣೆಂದು ಸ್ಟ್ಯಾಂಡ್ ಇಳಿಬಿತ್ತು.

"ಸ್ಟ್ಯಾಂಡ್, ಸ್ಟ್ಯಾಂಡ್," ಎಂದು ರಸ್ತೆಬದಿಯವರೆಲ್ಲ ಕೂಗಿದರು. ನಮ್ಮ ಜನವೇ ಹಾಗೆ. ಹೋಗುವವನು ಹಗೆಯೇ ಆಗಿರಲಿ, ಸ್ಟ್ಯಾಂಡ್ ಇಳಿಬಿಟ್ಟುಕೊಂಡು ಹೋಗುವುದನ್ನು ಮಾತ್ರ ಸಹಿಸುವುದಿಲ್ಲ. ಓಬಳೇಶ ಎಡಗಾಲಲ್ಲಿ ಒದ್ದು ಮೇಲೆ ಮಾಡಿದ. ಮುಂದಿನ ಹಂಪಿಗೆ ಮತ್ತೆ ಬಿತ್ತು. ಒಬ್ಬರೂ "ಭೇಷ್" ಅನ್ನಲಿಲ್ಲ, "ಬೇಗ ತುಳಿ" ಅನ್ನಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು. ಒದೆಯುತ್ತಾ ಒದೆಯುತ್ತಾ ಅವನು ಜಾವೀದನಿಗೆ ಹೇಳಬೇಕಾದ ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಕೊಂಡ. ಆ ಸಿಟ್ಟಿಗೋ ಏನೋ, ಹಳದಿ ಟೋಪಿ ಹತ್ತಿರವಾಗುತ್ತಾ ಬಂತು. ಆದರೂ ತಳಕಿನ ಬಸ್ ಸ್ಟಾಪು ಬಂದಾಗ ನಡುವೆ ಎರಡಾಳುದ್ದದ ಅಂತರ ಉಳಿದೇ ಇತ್ತು, ಮುಂದೆ ಶಾಮಿಯಾನ ಕಾಣುತ್ತಿತ್ತು.

ಅಲ್ಲೂ ಒಂದು ಹಂಪು. ಸ್ಟ್ಯಾಂಡ್ ಬಿತ್ತು.

"ಲೇ ತಮ್ಮಾ, ಸ್ಟ್ಯಾಂಡ್ ನೋಡ್ಕಳಲೇ, ಬಿದ್ದೋಗ್ತೀಯಾ," ಎಂದು ಬಸ್ಸಿಗೆ ಕಾದಿದ್ದವರೆಲ್ಲ ಒಟ್ಟಿಗೆ ಅರಚಿದರು.

ಈ ಸಲ ಓಬಳೇಶ ಒದೆಯಲಿಲ್ಲ, ಹಾಳಾಗಿ ಹೋಗಲೆಂದು ತುಳಿದ. ಒದ್ದವನು ದಾವಣಗೆರೆಯ ಹುಡುಗ. ಅವನ ಸೈಕಲ್ಲಿಗೆ ಹುಟ್ಟಿದಾಗಿನಿಂದ ಸ್ಟ್ಯಾಂಡಿರಲಿಲ್ಲ. ಆದರೂ ತಲೆ ಎಡಕ್ಕೆ ಬಗ್ಗಿತು, ಕಾಲು ಪೆಡಲು ಬಿಟ್ಟು ಹಿಂದಕ್ಕೆ ಗಾಳಿಯನ್ನು ಒದೆಯಿತು. ಸೈಕಲ್ಲು ಓಲಾಡಿ, ಅವನ ಪಾದ ಪೆಡಲನ್ನು ತಡಕಾಡುವಷ್ಟರಲ್ಲಿ, ಸ್ಟ್ಯಾಂಡನ್ನು ಟಾರಿಗೆ ಉಜ್ಜಿಕೊಂಡು ಓಬಳೇಶ ಕರ್ರೆಂದು ದಾಟಿ ಹೋದ.

ಮೂರನೆಯ ಬಹುಮಾನ. ತಿಪ್ಪೇರುದ್ರಪ್ಪನವರು ಹಾರ ಹಾಕುವಾಗ ಪಾತಣ್ಣನ ಲೂನಾದ ಹಿಂದೆ ಕೂತು ಜಾವೀದ್ ಬಂದಿಳಿದ. ಓಬಳೇಶನನ್ನು ನೋಡಲೂ ಇಲ್ಲ, ಸೈಕಲ್ಲು ಈಸಿಕೊಂಡು ವೇದಿಕೆಯ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ಎಂಗೆ ನಿಂತೈತೆ ನೋಡು. ನಾನೇನಾರ ಸ್ಟ್ಯಾಂಡ್ ಹಾಕಿಲ್ದಿದ್ರೆ?"

ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಬೈಗುಳಕ್ಕೆ ಓಬಳೇಶ ಬಾಯಿ ತೆರೆದ. ಯೋಚಿಸಿದರೆ, ಅವನ ಮಾತು ನಿಜವೇ ಆಗಿತ್ತು.

"ನಾಲ್ಕನೆಯವನಾಗ್ತಿದ್ದೆ ಭಾಯ್," ಎಂದ.

"ಹಾಂ. ರಾಜ್ಯ ಮಟ್ಟಕ್ಕೆ ಡಬ್ಬಲ್ ಸ್ಟ್ಯಾಂಡ್ ಹಾಕ್ತೀನಿ. ನಿಮ್ಮವ್ವ ಕ್ಯಾರಿಯರ್ ಬೇರೆ ಕೇಳೈತೆ."

ಅತ್ತ ಹಳದಿ ಟೋಪಿಯ ಹುಡುಗ ಸೈಕಲ್ಲು ಹಿಡಿದುಕೊಂಡು, ಟೀ ಅಂಗಡಿಯ ಮುಂದೆ ಒರಗಿಸಲು ಗೋಡೆ ಹುಡುಕುತ್ತಿದ್ದ.