ಎಕ್ಸ್‌ಫಿಗ್‌ಗೂ ಡಯಾಗೂ ನಡುವೆ ಒಂದು ಸೆರಗು

೧.
ಎಲ್ಲಿಂದ ಹಿಡಿಯಲಿ? ಮೊದಲ ಡ್ರಾಫ್ಟ್ ಹೀಗಿತ್ತು: '೨೦೦೪ರಲ್ಲಿ ಇಳಕಲ್ಲಿನಲ್ಲಿ ಅಮೀನಪ್ಪ ಎಂಬ ಉದಾರ ಕಂಪ್ಯೂಟರ್ ಮಾಸ್ತರನಿದ್ದ.' ಆ ಅಮೀನಪ್ಪ ನಾನೇ. 'ಉದಾರ' ಎಂಬುದನ್ನು ಹೊಡೆದುಹಾಕಿದ್ದೇನೆ.

೨.
ಮೊದಲು ಹೋಲಿಕೆ ಮುಗಿಸಿಬಿಡೋಣ. ನಕ್ಷೆ ಬರೆಯಲು ಪುಕ್ಕಟೆ ಸಿಗುತ್ತಿದ್ದ ಸಾಫ್ಟ್‌ವೇರ್‌ಗಳಲ್ಲಿ ನನ್ನದು ಎಕ್ಸ್‌ಫಿಗ್: ಹಳೆಯದು, ಮುಖ ಗಂಟಿಕ್ಕಿಕೊಂಡದ್ದು, ಕೆಲಸ ಮಾತ್ರ ಚೊಕ್ಕ. ಶೈಲಶ್ರೀಯದು ಡಯಾ. ಅದರಲ್ಲಿ ಗೆರೆಯನ್ನು ಚೌಕಕ್ಕೆ ಅಂಟಿಸಿದರೆ, ಚೌಕ ಸರಿದಾಗ ಗೆರೆಯೂ ಬೆನ್ನು ಹತ್ತುತ್ತದೆ. (ಓಪನ್‌ಆಫೀಸ್ ಡ್ರಾ ಕೂಡ ಇತ್ತು. ನನ್ನ ಹಳೆಯ ಮಷೀನಿನಲ್ಲಿ ಅದು ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು.)

ಶೈಲಶ್ರೀ ನನ್ನ ಶಿಷ್ಯೆ. ಅವಳಿಗೆ ಮೌಸ್ ಹಿಡಿಯಲು ಕಲಿಸಿದವನು ನಾನು. ಡಯಾ ಮಾತ್ರ ಅವಳೇ ಕಲಿತದ್ದು. ಅಷ್ಟಕ್ಕೇ ನನಗೆ ಹೊಟ್ಟೆಕಿಚ್ಚು.

೩.
ನೇಕಾರ ಹೆಣ್ಣುಮಕ್ಕಳ ಸಂಘ ಒಂದು ತರಬೇತಿ ಪುಸ್ತಕ ಅಚ್ಚು ಹಾಕಿಸುತ್ತಿತ್ತು. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಒಂದರ ಎಳೆಯನ್ನು ಇನ್ನೊಂದರೊಳಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದರ ನಕ್ಷೆ ಬೇಕಾಗಿತ್ತು, ಕೆಳಗೆ ಬರೆದವರ ಹೆಸರು ಬರುತ್ತಿತ್ತು. ಇಬ್ಬರೂ ಬರೆದೆವು.

ಆರಿಸುವವಳು ಸಂಘದ ಹಿರಿಯಳು ಚಂದ್ರವ್ವ. ಸೆರಗನ್ನು ಇನ್ನೊಂದಿಷ್ಟು ದೂರ ಇಡಿ, ಕೊಂಡಿ ಕಾಣಲಿ ಎಂದಳು. ಶೈಲಶ್ರೀ ಸರಿಸಿದಳು, ಎಳೆಗಳೂ ಜೊತೆಗೇ ಹೋದವು. ನಾನು ಸರಿಸಿದೆ, ಎಳೆಗಳು ಅಲ್ಲೇ ನಿಂತವು.

"ಮಾಸ್ತರ, ನಿಮ್ ಸೀರಿ ಹರೀತ್ ನೋಡ್ರಿ," ಎಂದಳು ಚಂದ್ರವ್ವ.

ಎಲ್ಲರೂ ನಕ್ಕರು. ಶೈಲಶ್ರೀ ನಗಲಿಲ್ಲ. ಅದು ಇನ್ನೂ ಉರಿಸಿತು.

೪.
ಮುಕ್ತಾಯಗಳು, ಬೇಕಾದ್ದು ಆರಿಸಿಕೊಳ್ಳಿ.

ಅ) ಕರೆಂಟ್ ಹೋಗಿ ಅವಳ ಫೈಲ್ ಹಾಳಾಯಿತು. (ಶೈಲಶ್ರೀ ಕಥೆಯೊಳಗಿಂದಲೇ ತಕರಾರು ತೆಗೆದಳು: ಅವತ್ತು ಕರೆಂಟ್ ಹೋಗಿರಲೇ ಇಲ್ಲ.)

ಆ) ನಾನು ಅವಳ ಬೆನ್ನು ತಟ್ಟಿದೆ. (ಚಂದ್ರವ್ವ ಇದಕ್ಕೂ ನಕ್ಕಳು. ಅಳಿಸಿದೆ.)

ಇ) ಡಯಾದಲ್ಲಿ ಬರೆದದ್ದನ್ನು ಬಾಗಲಕೋಟೆಯ ಪ್ರೆಸ್ಸಿನಲ್ಲಿ ತೆರೆಯಲು ಬರುವುದಿಲ್ಲ ಎಂದು ಸಂಘದವರಿಗೆ ಹೇಳಿದೆ. ಶುದ್ಧ ಸುಳ್ಳು. ಪ್ರೆಸ್ಸಿಗೆ ಬೇಕಾದ ಇಪಿಎಸ್ ಫೈಲನ್ನು ಡಯಾ ಸಲೀಸಾಗಿ ಮಾಡಿಕೊಡುತ್ತದೆ. ಎಳೆಗಳನ್ನು ಒಂದೊಂದಾಗಿ ಎಳೆದು ಕೂಡಿಸಿದ ನನ್ನ ನಕ್ಷೆಯೇ ಅಚ್ಚಾಯಿತು, ನನ್ನ ಹೆಸರಿನೊಂದಿಗೆ.

ನಡೆದದ್ದು ಇದೇ.

೭.
(೫ ಮತ್ತು ೬ನ್ನು ಹರಿದೆ. ಅವುಗಳಲ್ಲಿ ಬರೀ ನನ್ನ ಸಮರ್ಥನೆಯಿತ್ತು.)

ಪುಸ್ತಕ ಬಂದ ವಾರವೇ ಶೈಲಶ್ರೀ ಬಂದಳು. ಜಗಳಕ್ಕೆಂದು ಅವಳ ಬಾಯಿಗೆ ಒಂದು ಪುಟ ಮಾತು ಬರೆದಿಟ್ಟಿದ್ದೆ. ಅದರಲ್ಲಿ ಒಂದನ್ನೂ ಅವಳು ಆಡಲಿಲ್ಲ. ಡಯಾವನ್ನು ಮಷೀನಿನಿಂದಲೇ ತೆಗೆದುಹಾಕಿದೆ ಎಂದಳು. ಪ್ರೆಸ್ಸಿನವರನ್ನು ಒಂದು ಮಾತು ಕೇಳಲಿಲ್ಲವೇ ಎಂದೆ.

"ನೀವು ಹೇಳಿದ ಮ್ಯಾಲ ಮತ್ಯಾರನ್ನ ಕೇಳೂದ್ರಿ ಸರ್?" ಎಂದಳು. "ನನಗೂ ಎಕ್ಸ್‌ಫಿಗ್ ಕಲಿಸ್ರಿ."

೮.
ಇಲ್ಲಿ ನಾನು ತಪ್ಪೊಪ್ಪಿಕೊಂಡೆ ಎಂದು ಬರೆಯಬಹುದು. ಬರೆದೂ ನೋಡಿದೆ, ಚೆನ್ನಾಗಿಯೇ ಬಂತು. ಆದರೆ ಶೈಲಶ್ರೀ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಯಾವ ಬಟನ್ ಒತ್ತಬೇಕೆಂದು ನಾನು ತೋರಿಸುತ್ತಿದ್ದೇನೆ, ಅವಳು ಬರೆದುಕೊಳ್ಳುತ್ತಿದ್ದಾಳೆ. ನಿಜ ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೌಸ್ ತೆಗೆದುಕೊಂಡು ಮೊದಲ ಗೆರೆ ಎಳೆದಳು. ಅದು ನನ್ನದಕ್ಕಿಂತ ನೇರ ಬಂತು. ಬಾಯಿ ಮುಚ್ಚಿಕೊಂಡೆ.